ಅಪ್‌ಡೇಟ್: ಹಾಲ್ ಆಸ್ಪತ್ರೆ ಥರ ಕಾಣುತ್ತದೆ ಅಂದಿದ್ದೆನಲ್ಲ

ನಮ್ಮ ಮನೆ ಹಾಲ್‌ನ ಗೋಡೆಗೆ ಯಾವ ಬಣ್ಣ ಹೊಡೆಸಲಿ ಅಂತ ಇಲ್ಲಿ ಕೇಳಿದ್ದೆ. ಮೊದಲು ನಿಮಗಿಷ್ಟವಾದ ಕೋಣೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ ಅಂದಿದ್ದಿರಿ. ತೀರ್ಥಹಳ್ಳಿಯ ಅಜ್ಜಿ ಮನೆಯಲ್ಲಿ ಹಾಗೇ ಕೂತೆ. "ಏನೇ, ಏನು ಕಳ್ಕಂಡೆ?" ಅಂದರು ಅಜ್ಜಿ!

ಗೋಡೆಗೆ ಬರೀ ಸುಣ್ಣ. ಬಣ್ಣವೆಲ್ಲ ಕೆಳಗೆ: ರೆಡ್ ಆಕ್ಸೈಡ್ ನೆಲ, ಓಡಾಡುವ ಕಡೆ ಮಾತ್ರ ಸವೆದು ಕನ್ನಡಿಯಾಗಿದೆ. ಕಿಟಕಿ ನೆಲದಿಂದ ಒಂದೂವರೆ ಅಡಿಗೇ ಶುರು. ಚಾಪೆ ಮೇಲೆ ಕೂತರೂ ಅಂಗಳ ಕಾಣುತ್ತದೆ. ಬಿಸಿಲು ನೆಲಕ್ಕೆ ಬಿದ್ದು, ಕೆಂಪಾಗಿ ಗೋಡೆಗೆ ಏರುತ್ತದೆ.

ನಮ್ಮಲ್ಲೋ ತಲೆ ಮೇಲೆ 6500 ಕೆಲ್ವಿನ್ ಟ್ಯೂಬ್‌ಲೈಟ್, ಅಂದರೆ ನೀಲಿ ಛಾಯೆಯ ಬಿಳಿ ಬೆಳಕು. ಅದನ್ನು ಆರಿಸಿ, ಮೂಲೆಯಲ್ಲಿ 2700 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬಿನ ದೀಪ ತಗ್ಗಿನಲ್ಲಿಟ್ಟೆ. ಇಟ್ಟಿಗೆ ಬಣ್ಣದ ಜಮಖಾನ ಹಾಸಿದೆ. ಪೇಂಟರ್ ಬೇಡ ಅಂದಾಯ್ತು. ಸೋಫಾ ಮಾತ್ರ ಈಗ ಎತ್ತರ ಜಾಸ್ತಿ ಅನಿಸುತ್ತಿದೆ. ಮನೆಯವರಿಗೆ ಇನ್ನೂ ಹೇಳಿಲ್ಲ.