ನಾಚಿಕೆ ಅನ್ನೋ ಪದ ಎಲ್ಲಿಂದ ಬಂತು?

ಪದಹುಡುಕಿ:
ಮೊನ್ನೆ ಬೆಳಿಗ್ಗೆ ಮನೆಗೆ ನೆಂಟರು ಬಂದಿದ್ದರು. ಮಗಳು ಬಂದು ನನ್ನ ಹಿಂದೆ ಅಡಗಿ ನಿಂತಳು. 'ಅವಳಿಗೆ ನಾಚಿಕೆ' ಅಂದೆ. ಸಂಜೆ ತಮ್ಮನ ಕೈಯಿಂದ ಬಿಸ್ಕತ್ತು ಕಿತ್ತುಕೊಂಡಾಗ 'ನಾಚಿಕೆ ಆಗಲ್ವಾ ನಿಂಗೆ?' ಅಂತ ಬೈದೆ. 'ಬೆಳಿಗ್ಗೆ ಆಗಿತ್ತಲ್ಲಾ' ಅಂದಳು! ನಗು ಬಂತು, ಆದರೆ ಉತ್ತರ ಹೊಳೀಲಿಲ್ಲ. ಒಂದೇ ಪದಕ್ಕೆ ಈ ಎರಡು ಅರ್ಥ ಹೇಗೆ? ಇದು ಸಂಸ್ಕೃತದ್ದಾ, ನಮ್ಮದೇನಾ?

ಹಳಗನ್ನಡಿಗ:
ನಮ್ಮದೇ. ಹಳಗನ್ನಡದಲ್ಲಿ 'ನಾಣ್' ಅಂದರೆ ನಾಚಿಕೆ. ಅದರಿಂದ 'ನಾಣ್ಚು' ಆಯಿತು, ಸವೆದು 'ನಾಚು' ಆಯಿತು, ಆಮೇಲೆ ಹೆದರು–ಹೆದರಿಕೆ, ನಂಬು–ನಂಬಿಕೆ ಇದ್ದ ಹಾಗೇ ನಾಚಿಕೆ. ತಮಿಳು, ಮಲಯಾಳದಲ್ಲಿ 'ನಾಣಂ' ಇವತ್ತಿಗೂ ಇದೆ. ಲಜ್ಜೆ, ಸಂಕೋಚ ಎರಡೂ ಸಂಸ್ಕೃತದವು. ಸಿಗ್ಗು ತೆಲುಗಿನಲ್ಲೂ ಇದೆ.

ಸುಮ್ನೆಬಂದವ:
ಹಾಗಾದ್ರೆ 'ನಾಣ್ಣುಡಿ' ನಾಚಿಕೆಯ ನುಡಿನಾ? 😄

ಹಳಗನ್ನಡಿಗ:
ಅಲ್ಲ ಮಾರಾಯ್ರೆ, ಅದು ನಾಡ ನುಡಿ. ಊರೆಲ್ಲ ಆಡೋ ಮಾತು ಅಂತ. ಈ ನಾಣ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮಲ್ಲಿಗೆಮೊಗ್ಗು:
ಎರಡು ಅರ್ಥದ ವಿಷಯಕ್ಕೆ ಬರ್ತೀನಿ. ನನಗೆ ಅನ್ನಿಸೋದು, ಎರಡೂ ಕಡೆ ಇರೋದು ಇನ್ನೊಬ್ಬರ ಕಣ್ಣು. ನೆಂಟರು ನೋಡ್ತಿದಾರೆ ಅಂತ ಮಗು ಅಡಗಿತು, ಬಿಸ್ಕತ್ತು ಕಿತ್ಕೊಳ್ಳುವಾಗ ಯಾರೋ ನೋಡ್ತಿದಾರೆ ಅನ್ನೋದನ್ನೇ ಮರೀತು. 12ನೇ ಶತಮಾನದ ಅಕ್ಕಮಹಾದೇವಿ ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ ಅಂತ ಕೇಳ್ತಾಳಲ್ಲ, ಅಲ್ಲಿ ಮುಖ ಕೆಂಪಾಗೋ ನಾಚಿಕೆಯೂ ಅಲ್ಲ, ಅವಮಾನವೂ ಅಲ್ಲ, ಸುಮ್ನೆ ಹಿಂಜರಿಯೋದು. ಸಂಕೋಚದ ಮೂಲ ಅರ್ಥವೂ ಮುದುಡಿಕೊಳ್ಳೋದೇ ಅಲ್ವಾ. ಮುಟ್ಟಿದರೆ ಮುನಿ ಗಿಡಕ್ಕೆ ನಾಚಿಕೆ ಮುಳ್ಳು ಅಂತಾನೂ ಅಂತೀವಿ, ಎಲೆ ಮುದುಡುತ್ತೆ ಅಂತ.

ಇನ್ನೊಂದು ಗಮನಿಸಿ. 'ನಾಚಿದಳು' ಅಂದರೆ ಈಗ ಜಾಸ್ತಿ ಸಿಹಿ ಅರ್ಥವೇ. 'ನಾಚಿಕೆ ಆಯ್ತು' ಅಂದರೆ ಎರಡೂ ಆಗಬಹುದು. 'ನಾಚಿಕೆ ಬಿಟ್ಟು ಕೇಳ್ತಿದೀನಿ' ಅಂತ ನಾವೇ ಅಂದುಕೊಂಡರೆ ವಿನಯ, ಪಕ್ಕದ ಮನೆಯವರು 'ನಾಚಿಕೆ ಬಿಟ್ಟವನು' ಅಂದರೆ ಜಗಳ.

ಸುಮ್ನೆಬಂದವ:
ದಾಕ್ಷಿಣ್ಯ ಬಿಟ್ರಲ್ಲ! ನನಗೆ ನಾಚಿಕೆ ಇಲ್ಲ, ದಾಕ್ಷಿಣ್ಯವೇ ಜಾಸ್ತಿ. ಅದಕ್ಕೇ ಕೊಟ್ಟ ಸಾಲ ವಾಪಸ್ ಕೇಳೋಕೆ ಆಗ್ತಿಲ್ಲ.

ಪದಹುಡುಕಿ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ 'ಯಾರೋ ನೋಡ್ತಿದಾರೆ' ಅನ್ನೋದನ್ನ ಹೇಳಿದೆ. 'ಬಾಗಿಲು ಹಾಕಿದ್ರೆ?' ಅಂದಳು.