ಅದು ಗಾಂಜಾ ಹೊಗೆ ಅಲ್ಲ, ಅಕ್ಕ!

ಅಕ್ಕ, ಮೊದಲು ನಿನಗೇ ಹೇಳುತ್ತೇನೆ. ಗಾಬರಿ ಆಗಬೇಡ. ಭಾವ ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಫಾರ್ವರ್ಡ್ ನೋಡಿದೆ. ಇಂಗ್ಲಿಷ್ ಹಾಡುಗಳ ಹಿಂದಿನ ಭಯಂಕರ ಸತ್ಯ ಅಂತ ಕೆಂಪು ಅಕ್ಷರದಲ್ಲಿ ಇತ್ತಲ್ಲ, ಅದೇ. ಅದರ ಪ್ರಕಾರ ಪುಟ್ಟ ಗಿಟಾರ್ ಕ್ಲಾಸಿನಲ್ಲಿ ಕಲಿಯುತ್ತಿರುವ 'ಸ್ಮೋಕ್ ಆನ್ ದ ವಾಟರ್' ಗಾಂಜಾ ಸೇದುವ ಹಾಡು. 'ಹೋಟೆಲ್ ಕ್ಯಾಲಿಫೋರ್ನಿಯಾ' ಸೈತಾನನ ಗುಡಿಯ ಹಾಡು. ಕೆಳಗೆ ನೀನು ಮೂರು ಅಳುವ ಮುಖ ಹಾಕಿದ್ದೀಯ. ಪುಟ್ಟ ಬೇರೆ 'ಮಾಮ, ಇದು ನಿಜಾನಾ?' ಅಂತ ಕೇಳಿದ್ದಾನೆ. ಇಷ್ಟೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ. ಕೆಲಸ ಮಾಡಿಕೊಂಡೇ ಕೇಳಿ.

ಆ ಹಾಡಿನ ಹೊಗೆ ನಿಜವಾದ ಹೊಗೆ. ಕಟ್ಟಡಕ್ಕೆ ಬೆಂಕಿ ಬಿದ್ದು ಎದ್ದ ಹೊಗೆ. ನೀರು ಅಂದರೆ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರ. 1971ರ ಡಿಸೆಂಬರ್‌ನಲ್ಲಿ ಡೀಪ್ ಪರ್ಪಲ್ ಅನ್ನುವ ಇಂಗ್ಲೆಂಡಿನ ಬ್ಯಾಂಡು ಆ ಸರೋವರದ ದಡದ ಮೊಂಟ್ರೊ ಊರಿಗೆ ಹೋಗಿತ್ತು. ಅಲ್ಲೊಂದು ಕ್ಯಾಸಿನೊ. ಜೂಜಿನ ಜೊತೆಗೆ ಸಂಗೀತ ಕಾರ್ಯಕ್ರಮವೂ ನಡೆಯುವ ದೊಡ್ಡ ಕಟ್ಟಡ. ಚಳಿಗಾಲಕ್ಕೆ ಅದು ಬಾಗಿಲು ಹಾಕಿದ ಮೇಲೆ ಒಳಗೆ ಕೂತು ಹೊಸ ಆಲ್ಬಮ್ ರೆಕಾರ್ಡ್ ಮಾಡುವುದು ಇವರ ಲೆಕ್ಕಾಚಾರ. ಅದಕ್ಕೆ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ ಲಾರಿಯನ್ನು ಬಾಡಿಗೆಗೆ ತಂದಿದ್ದರು. ಲಾರಿಯ ಒಳಗೇ ಪೂರ್ತಿ ಸ್ಟುಡಿಯೊ ಇತ್ತು.

ಕ್ಯಾಸಿನೊ ಮುಚ್ಚುವ ಮುಂಚೆ ಕೊನೆಯ ಕಾರ್ಯಕ್ರಮ ಫ್ರಾಂಕ್ ಜಪ್ಪಾ ಅನ್ನುವ ಅಮೆರಿಕದ ಸಂಗೀತಗಾರನದು. ಡಿಸೆಂಬರ್ 4, ಶನಿವಾರ. ಡೀಪ್ ಪರ್ಪಲ್‌ನವರೂ ನೋಡಲು ಹೋಗಿದ್ದರು. ಕಾರ್ಯಕ್ರಮದ ಮಧ್ಯೆ ಯಾವನೋ ಒಬ್ಬ ಪುಣ್ಯಾತ್ಮ ಫ್ಲೇರ್ ಗನ್ ತೆಗೆದು ಮೇಲಕ್ಕೆ ಹಾರಿಸಿದ. ಕಷ್ಟಕ್ಕೆ ಸಿಕ್ಕ ಹಡಗಿನವರು ಆಕಾಶಕ್ಕೆ ಬೆಳಕು ಹಾರಿಸುತ್ತಾರಲ್ಲ, ಆ ಪಿಸ್ತೂಲು. ಚಾವಣಿಗೆ ಬೆತ್ತದ ಹೊದಿಕೆ. ಇನ್ನೇನು ಬೇಕು? ಹತ್ತಿಕೊಂಡಿತು. ಅಷ್ಟು ಜನ ಇದ್ದರೂ ಯಾರೂ ಸಾಯಲಿಲ್ಲ ಅನ್ನುವುದು ದೊಡ್ಡ ಸಮಾಧಾನ. ಕಟ್ಟಡ ಮಾತ್ರ ಸುಟ್ಟು ಬೂದಿ. ಜಪ್ಪಾನ ವಾದ್ಯಗಳೂ ಹೋದವು.

ಆ ಜಪ್ಪಾನ ಗ್ರಹಚಾರ ನೋಡಿ. ಬೇರೆ ವಾದ್ಯ ಹೊಂದಿಸಿಕೊಂಡು ಲಂಡನ್ನಿಗೆ ಹೋದ. ಬೆಂಕಿಯಾಗಿ ಒಂದು ವಾರವೂ ಆಗಿರಲಿಲ್ಲ, ಡಿಸೆಂಬರ್ 10. ರೇನ್‌ಬೋ ಥಿಯೇಟರಿನಲ್ಲಿ ಪ್ರೇಕ್ಷಕನೊಬ್ಬ ವೇದಿಕೆ ಹತ್ತಿ ಅವನನ್ನು ಕೆಳಗೆ ತಳ್ಳಿಬಿಟ್ಟ. ಕಾಲು ಮುರಿಯಿತು, ಗಂಟಲಿಗೂ ಪೆಟ್ಟಾಯಿತು. ಎಷ್ಟೋ ತಿಂಗಳು ಗಾಲಿಕುರ್ಚಿ. ಆಮೇಲೆ ಅವನ ದನಿಯೇ ಮೊದಲಿಗಿಂತ ದಪ್ಪ ಆಯಿತು.

ಮತ್ತೆ ಮೊಂಟ್ರೊಗೆ ಬರೋಣ. ಡೀಪ್ ಪರ್ಪಲ್‌ನವರು ಹೋಟೆಲಿನ ಕಿಟಕಿಯಿಂದ ನೋಡುತ್ತಿದ್ದಾರೆ, ಹೊಗೆ ಸರೋವರದ ಮೇಲೆ ಹರಡುತ್ತಿದೆ. ಒಂದೆರಡು ದಿನ ಬಿಟ್ಟು ಬೇಸ್ ಗಿಟಾರಿನ ರೋಜರ್ ಗ್ಲೋವರ್ ಬೆಳಿಗ್ಗೆ ಏಳುವಾಗ ಆ ಹೆಸರು ಬಾಯಿಗೆ ಬಂತಂತೆ. ತಮಾಷೆ ಏನು ಗೊತ್ತಾ? ಇದನ್ನು ಕೇಳಿದವರು ಅಮಲಿನ ಹಾಡು ಅಂದುಕೊಳ್ಳುತ್ತಾರೇನೋ ಅಂತ ಬ್ಯಾಂಡಿನವರೇ ಅನುಮಾನ ಪಟ್ಟಿದ್ದರು. ಭಾವ, ನೀವು ಅವರ ಅನುಮಾನವನ್ನು ನಿಜ ಮಾಡಿದಿರಿ.

ಕಟ್ಟಡ ಹೋಯಿತು, ಲಾರಿ ಮಾತ್ರ ಉಳಿಯಿತು. ಬಾಡಿಗೆ ಓಡುತ್ತಿದೆ, ಜಾಗ ಇಲ್ಲ. ಮೊದಲು ಊರೊಳಗಿನ ಪೆವಿಲಿಯನ್ ಅನ್ನುವ ಥಿಯೇಟರಿನಲ್ಲಿ ಶುರು ಮಾಡಿದರು. ರಾತ್ರಿ ಅಷ್ಟು ಜೋರು ಸದ್ದು ಮಾಡಿದರೆ ಅಕ್ಕಪಕ್ಕದವರು ಬಿಡುತ್ತಾರಾ? ಪೊಲೀಸರು ಬಂದರು. ಪುಟ್ಟ, ನೀನು ದಿನಾ ನುಡಿಸುತ್ತೀಯಲ್ಲ ಆ ರಿಫ್, ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಅದು ಆಗ ಟೇಪಿಗೆ ಹೋಗುತ್ತಿತ್ತು. ಪೊಲೀಸರು ಒಳಗೆ ನುಗ್ಗದ ಹಾಗೆ ಬ್ಯಾಂಡಿನ ಕೆಲಸದ ಹುಡುಗರು ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದರು ಅಂತ ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ. ಅಲ್ಲಿಂದ ಎದ್ದು ಗ್ರ್ಯಾಂಡ್ ಹೋಟೆಲಿಗೆ ಹೋದರು. ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲು. ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ ಸ್ಟುಡಿಯೊ ಮಾಡಿಕೊಂಡರು. ಲಾರಿ ಹೊರಗೆ ನಿಂತಿತ್ತು. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕೆಂದರೆ ರೂಮು, ಬಾಲ್ಕನಿ ಎಲ್ಲ ದಾಟಿ ಅಲ್ಲಿಗೆ ಹೋಗಬೇಕು. ಕೊನೆಗೆ ಕೇಳುವುದನ್ನೇ ಬಿಟ್ಟು ನುಡಿಸುತ್ತಾ ಹೋದರಂತೆ. ಆಲ್ಬಮ್ ಮುಗಿಯುವ ಹೊತ್ತಿಗೆ ಒಂದು ಹಾಡು ಕಡಿಮೆ ಬಿತ್ತು. ಆಗ ಪೆವಿಲಿಯನ್ನಿನ ಆ ರಿಫ್ ನೆನಪಾಯಿತು. ಅದಕ್ಕೆ ಬೆಂಕಿಯ ಕತೆಯನ್ನೇ ಪದ ಮಾಡಿ ಸೇರಿಸಿದರು. ಜಪ್ಪಾ, ಫ್ಲೇರ್ ಗನ್, ಲಾರಿ, ತಣ್ಣಗಿದ್ದ ಖಾಲಿ ಹೋಟೆಲು, ಎಲ್ಲವೂ ಹಾಡಿನಲ್ಲಿ ಇದೆ. ಒಂದು ಸಾಲೂ ಕಲ್ಪನೆ ಅಲ್ಲ. ಪೇಪರಿನ ವರದಿಗೆ ರಾಗ ಹಾಕಿದ ಹಾಗಿದೆ.

ಇದು ಹಿಟ್ ಆಗುತ್ತೆ ಅಂತ ಅವರಿಗೇ ಅನಿಸಿರಲಿಲ್ಲ. 'ಮಷೀನ್ ಹೆಡ್' ಆಲ್ಬಮ್ 1972ರ ಮಾರ್ಚ್‌ನಲ್ಲಿ ಬಂತು. ಈ ಹಾಡು ಅಮೆರಿಕದಲ್ಲಿ ಸಿಂಗಲ್ ಆಗಿ ಬಂದದ್ದು ಮುಂದಿನ ವರ್ಷ. ಅಲ್ಲಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಪುಟ್ಟ, ಇನ್ನೊಂದು ವಿಷಯ. ಬ್ಯಾಂಡಿನ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಆ ರಿಫ್ಫನ್ನು ಪಿಕ್ ಹಿಡಿದು ನುಡಿಸುವುದಿಲ್ಲ. ಎರಡು ತಂತಿಗಳನ್ನು ಒಟ್ಟಿಗೆ ಬೆರಳಿನಲ್ಲೇ ಮೀಟುತ್ತಾನೆ. ಅದೇ ಸ್ವರಗಳನ್ನು ಜಾನ್ ಲಾರ್ಡ್ ಆರ್ಗನ್ನಿನಲ್ಲಿ ನುಡಿಸಿ ಗಿಟಾರಿನ ಆಂಪ್ಲಿಫೈಯರಿಗೆ ಕೊಟ್ಟಿದ್ದಾನೆ. ಅದಕ್ಕೇ ಆ ಸದ್ದು ಅಷ್ಟು ದಪ್ಪ. ನಿನ್ನದು ತೆಳ್ಳಗೆ ಕೇಳಿದರೆ ನಿನ್ನ ತಪ್ಪಲ್ಲ.

ನನಗೆ ಇಂಥ ಕತೆಗಳಲ್ಲಿ ಹಾಡಿದವರಿಗಿಂತ ಪಕ್ಕದಲ್ಲಿ ನಿಂತಿದ್ದವರ ಮೇಲೇ ಜಾಸ್ತಿ ಕಣ್ಣು. ಈ ಹಾಡಿನಲ್ಲಿ ಕ್ಲಾಡ್ ಅಂತ ಒಬ್ಬ ಬರುತ್ತಾನೆ. ಬೆಂಕಿಯೊಳಗೆ ಮತ್ತೆ ಮತ್ತೆ ಓಡಿ ಹುಡುಗರನ್ನು ಎಳೆದು ತಂದವನು. ಕ್ಲಾಡ್ ನಾಬ್ಸ್ ಅಂತ ಪೂರ್ತಿ ಹೆಸರು. 1967ರಲ್ಲಿ ಮೊಂಟ್ರೊ ಜಾಝ್ ಉತ್ಸವ ಶುರು ಮಾಡಿದವರಲ್ಲಿ ಒಬ್ಬ. ಬೆಂಕಿಯಾದ ಮೇಲೆ ಡೀಪ್ ಪರ್ಪಲ್‌ನವರಿಗೆ ಜಾಗ ಹುಡುಕಿಕೊಟ್ಟವನೂ ಅವನೇ. ಹಾಡಿಗಾಗಿ ಬೇರೇನು ಸಿಕ್ಕಿತೋ ಬಿಟ್ಟಿತೋ, ಹೆಸರಂತೂ ಉಳಿಯಿತು. 2013ರಲ್ಲಿ ತೀರಿಕೊಂಡ, ಸ್ಕೀಯಿಂಗ್ ಮಾಡುವಾಗ ಬಿದ್ದು. ಕ್ಯಾಸಿನೊವನ್ನು 1975ರ ಹೊತ್ತಿಗೆ ಮತ್ತೆ ಕಟ್ಟಿದರು. ಅದರೊಳಗೆ ಬಂದ ಸ್ಟುಡಿಯೊವನ್ನು ಆಮೇಲೆ ಕ್ವೀನ್ ಬ್ಯಾಂಡಿನವರು ಕೊಂಡರು. ಈಗ ಸರೋವರದ ದಡದಲ್ಲಿ ಆ ಬ್ಯಾಂಡಿನ ಗಾಯಕ ಫ್ರೆಡಿ ಮರ್ಕ್ಯುರಿಯ ಪ್ರತಿಮೆ ಇದೆ. ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಅವನು, ಗೊತ್ತಲ್ವಾ?

ಹೋಟೆಲ್ ಕ್ಯಾಲಿಫೋರ್ನಿಯಾ ವಿಷಯ ಬೇಗ ಮುಗಿಸುತ್ತೇನೆ. ಆಲ್ಬಮ್ಮಿನ ಮೇಲಿರುವುದು ಗುಡಿಯೂ ಅಲ್ಲ, ಮಠವೂ ಅಲ್ಲ. ಬೆವರ್ಲಿ ಹಿಲ್ಸ್ ಹೋಟೆಲ್ ಅನ್ನುವ ದುಬಾರಿ ಹೋಟೆಲಿನ ಫೋಟೊ. ಅದು ಈಗಲ್ಸ್ ಅನ್ನುವ ಅಮೆರಿಕದ ಬ್ಯಾಂಡಿನ ಹಾಡು. ಅವರ ಗಿಟಾರಿಸ್ಟ್ ಡಾನ್ ಫೆಲ್ಡರ್ ಆ ಟ್ಯೂನನ್ನು ಸಮುದ್ರದ ಪಕ್ಕದ ಬಾಡಿಗೆ ಮನೆಯಲ್ಲಿ ಕೂತು ಮಾಡಿದ್ದು. ಪದ ಸೇರುವ ಮುಂಚೆ ಬ್ಯಾಂಡಿನವರು ಅದನ್ನು ಮೆಕ್ಸಿಕನ್ ರೆಗೆ ಅಂತ ಕರೆಯುತ್ತಿದ್ದರು. ಸೈತಾನ ಎಲ್ಲಿಂದ ಬಂದನೋ ಫಾರ್ವರ್ಡ್ ಮಾಡಿದವರೇ ಹೇಳಬೇಕು.

ಪಕ್ಕದಲ್ಲಿ ನಿಂತವರು ಅಂದೆನಲ್ಲ. ಅವರಲ್ಲಿ ನನಗೆ ಅತಿ ಇಷ್ಟದವನು ಒಬ್ಬ ಅಂಗಡಿ ಕೆಲಸಗಾರ. ಡೈರ್ ಸ್ಟ್ರೇಟ್ಸ್ ಬ್ಯಾಂಡಿನ 'ಮನಿ ಫಾರ್ ನಥಿಂಗ್', 1985ರದ್ದು. ಆ ಬ್ಯಾಂಡಿನ ಗಾಯಕ ಮಾರ್ಕ್ ನಾಪ್ಫ್ಲರ್ ನ್ಯೂಯಾರ್ಕಿನಲ್ಲಿ ಫ್ರಿಜ್ಜು, ಮೈಕ್ರೋವೇವ್ ಮಾರುವ ಅಂಗಡಿಯೊಳಗೆ ಹೋಗಿದ್ದ. ಹಿಂದುಗಡೆ ಸಾಲಾಗಿ ಟಿ.ವಿ.ಗಳು, ಎಲ್ಲದರಲ್ಲೂ ಎಂಟಿವಿ, ಹಾಡಿನ ವಿಡಿಯೊ ಹಾಕುವ ಚಾನೆಲ್. ಸಾಮಾನು ಹೊರುವವನೊಬ್ಬ ಅದನ್ನು ನೋಡುತ್ತಾ ಗೊಣಗುತ್ತಿದ್ದ. ಇವರಿಗೆಲ್ಲ ಏನು ಕಷ್ಟ, ಗಿಟಾರ್ ಹಿಡಿದು ಕುಣಿದರೆ ದುಡ್ಡು ಬರುತ್ತೆ, ನಾವು ಇಲ್ಲಿ ಫ್ರಿಜ್ಜು ಹೊರಬೇಕು ಅನ್ನುವ ಧಾಟಿ. ನಾಪ್ಫ್ಲರ್ ಅಲ್ಲೇ ಪೆನ್ನು ಕಾಗದ ಕೇಳಿ ಪಡೆದು, ಪ್ರದರ್ಶನಕ್ಕೆ ಇಟ್ಟಿದ್ದ ಅಡುಗೆಮನೆಯಲ್ಲಿ ಕೂತು ಬರೆದುಕೊಂಡ. ಆ ಮನುಷ್ಯನ ಒರಟು ಮಾತುಗಳೂ ಹಾಗೇ ಹಾಡಿಗೆ ಬಂದವು. ಅದರಲ್ಲಿ ಒಂದು ಬೈಗುಳದಿಂದಾಗಿ 2011ರಲ್ಲಿ ಕೆನಡಾದಲ್ಲಿ ದೊಡ್ಡ ಗಲಾಟೆಯೇ ಆಯಿತು. ಕತ್ತರಿಸದೆ ರೇಡಿಯೊದಲ್ಲಿ ಹಾಕಬಾರದು ಅಂತ.

ರೆಕಾರ್ಡಿಂಗ್ ನಡೆದದ್ದು ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ. ಆ ಹೊತ್ತಿಗೆ ಸ್ಟಿಂಗ್ ಅನ್ನುವ ಇಂಗ್ಲೆಂಡಿನ ಗಾಯಕ ಅಲ್ಲಿಗೆ ರಜಕ್ಕೆ ಬಂದಿದ್ದ. ಬಾ ಒಂದು ಸಾಲು ಹಾಡು ಅಂದರು, ಹಾಡಿದ. ಎಂಟಿವಿ ಬೇಕು ಅನ್ನುವ ಆ ಸಾಲಿಗೆ ತನ್ನದೇ ಹಳೆಯ ಹಾಡಿನ ರಾಗ ಹಾಕಿಬಿಟ್ಟಿದ್ದ. ಅವನ ಹಾಡುಗಳ ಹಕ್ಕು ನೋಡಿಕೊಳ್ಳುವ ಪ್ರಕಾಶಕರು ಬಿಡುತ್ತಾರಾ? ಪಾಲು ಕೇಳಿದರು. ತನಗೇ ಮುಜುಗರ ಆಯಿತು ಅಂತ ಸ್ಟಿಂಗ್ ಆಮೇಲೆ ಹೇಳಿದ್ದಾನೆ. ಆದರೂ ಹಾಡು ಬರೆದವರ ಹೆಸರಿನಲ್ಲಿ ಇಬ್ಬರೂ ಇದ್ದಾರೆ. ಒಂದು ಸಾಲು ಹಾಡಿದವನಿಗೆ ಹೆಸರು, ಅರ್ಧ ಹಾಡನ್ನು ಬಾಯಾರೆ ಹೇಳಿದವನಿಗೆ ಏನೂ ಇಲ್ಲ. ಕಾನೂನಿನ ಪ್ರಕಾರ ಸರಿಯೇ ಇರಬಹುದು. ನನಗೆ ಸರಿ ಅನಿಸುವುದಿಲ್ಲ. ಎಂಟಿವಿಯನ್ನು ಅಣಕಿಸುವ ಈ ಹಾಡಿನ ವಿಡಿಯೊವನ್ನೇ ಎಂಟಿವಿ ಯುರೋಪ್ 1987ರ ಆಗಸ್ಟ್ 1ರಂದು ಶುರುವಾದಾಗ ಮೊಟ್ಟಮೊದಲು ಹಾಕಿತು. ಮಾಂಟ್ಸೆರಾಟ್‌ನ ಆ ಸ್ಟುಡಿಯೊ ಈಗ ಪಾಳು ಬಿದ್ದಿದೆ. 1989ರಲ್ಲಿ ಹ್ಯೂಗೊ ಚಂಡಮಾರುತ ಹೊಡೆಯಿತು. 1995ರಿಂದ ಜ್ವಾಲಾಮುಖಿ ಎದ್ದು ದ್ವೀಪದ ರಾಜಧಾನಿ ಪ್ಲಿಮತ್ ಕೂಡ ಬೂದಿಯಲ್ಲಿ ಹೂತುಹೋಯಿತು. ನಾಪ್ಫ್ಲರ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ.

ಅದೇ ಮೈದಾನಕ್ಕೆ 2002ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ರೋಜರ್ ವಾಟರ್ಸ್ ಬಂದಿದ್ದ. ಅಣ್ಣ, ಇದು ನಿನಗೆ, ನೀನು ಮೇಷ್ಟ್ರು ತಾನೇ. ನಮಗೆ ನಿಮ್ಮ ವಿದ್ಯೆ ಬೇಡ ಅಂತ ಮಕ್ಕಳು ಕೋರಸ್ ಹಾಡುವ ಹಾಡು ಇದೆಯಲ್ಲ, 'ಅನದರ್ ಬ್ರಿಕ್ ಇನ್ ದ ವಾಲ್'. ಅದನ್ನು ಹಾಡಿದ್ದು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಅನ್ನುವ ಸರ್ಕಾರಿ ಶಾಲೆಯ ನಿಜವಾದ ಮಕ್ಕಳು. 1979. ಸ್ಟುಡಿಯೊ ಶಾಲೆಯ ಹತ್ತಿರವೇ ಇತ್ತು. ಸಂಗೀತದ ಮೇಷ್ಟ್ರು ಆಲನ್ ರೆನ್‌ಶಾ ಇಪ್ಪತ್ಮೂರು ಮಕ್ಕಳನ್ನು ಕರೆದುಕೊಂಡು ಹೋದರು. ಸ್ಟುಡಿಯೊದವರು ಅದೇ ದನಿಗಳನ್ನು ಒಂದರ ಮೇಲೆ ಒಂದು ಕೂಡಿಸಿ ದೊಡ್ಡ ಗುಂಪು ಹಾಡಿದ ಹಾಗೆ ಮಾಡಿದರು. ಪದಗಳು ಏನು ಅಂತ ಹೆಡ್‌ಮಿಸ್ಟ್ರೆಸ್‌ಗೆ ಆಮೇಲೆ ಗೊತ್ತಾಯಿತು. ಮಕ್ಕಳು ಟಿ.ವಿ.ಯಲ್ಲಿ ಕಾಣಿಸಿಕೊಳ್ಳಬಾರದು ಅಂದರು. ವಿಡಿಯೊದಲ್ಲಿ ಬಾಯಿ ಆಡಿಸುವವರು ಬೇರೆ ಮಕ್ಕಳು. ಶಾಲೆಗೆ 1000 ಪೌಂಡ್ ಕೊಟ್ಟರು. ಹಾಡು ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ನಂಬರ್ ಒನ್. ಹಾಡಿದ ಮಕ್ಕಳಿಗೆ ರಾಯಲ್ಟಿ ಸೊನ್ನೆ. 1996ರಲ್ಲಿ ಇಂಗ್ಲೆಂಡಿನ ಕಾನೂನು ಬದಲಾಗಿ, ಇಂಥ ರೆಕಾರ್ಡಿಂಗ್‌ನಲ್ಲಿ ಹಾಡಿದವರೂ ಪಾಲು ಕೇಳುವ ಹಾಗಾಯಿತು. 2004ರಲ್ಲಿ ಆ ಮಕ್ಕಳು, ಅಷ್ಟು ಹೊತ್ತಿಗೆ ನಡುವಯಸ್ಸಿಗೆ ಹತ್ತಿರ ಬಂದವರು, ತಮ್ಮ ಪಾಲು ಕೇಳಿದರು.

ಇದಕ್ಕಿಂತ ದೊಡ್ಡ ಕತೆ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು. ವಾಟರ್ಸ್ ಬರೆದದ್ದು ಇಂಗ್ಲೆಂಡಿನಲ್ಲಿ ತಾನು ಓದಿದ ಶಾಲೆಯ ಹೊಡೆಯುವ, ಹಂಗಿಸುವ ಮೇಷ್ಟ್ರುಗಳ ಮೇಲೆ. ದಕ್ಷಿಣ ಆಫ್ರಿಕಾದಲ್ಲಿ ಆಗ ಬಿಳಿಯರ ಮಕ್ಕಳಿಗೆ ಒಂದು ಥರದ ಶಾಲೆ, ಉಳಿದವರ ಮಕ್ಕಳಿಗೆ ಇನ್ನೊಂದು ಥರ. 1980ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು, ಈ ಹಾಡನ್ನೇ ಘೋಷಣೆ ಮಾಡಿಕೊಂಡರು. ಮೇ ತಿಂಗಳಲ್ಲಿ ಸರ್ಕಾರ ಹಾಡನ್ನೇ ನಿಷೇಧಿಸಿತು. ಅಣ್ಣ, ಈ ಹಾಡಿನಿಂದ ಮಕ್ಕಳು ಕೆಡುತ್ತಾರೆ ಅಂತ ನೀನು ಒಮ್ಮೆ ಹೇಳಿದ್ದೆ. ಆ ಸರ್ಕಾರ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಸುಮ್ನೆ ಹೇಳಿದೆ, ಕೋಪ ಬೇಡ.

ಇನ್ನೊಂದೇ ಒಂದು. ಇದು ಅತ್ತಿಗೆಗೆ. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ನಮ್ಮ ಋಷಿಕೇಶಕ್ಕೆ ಬಂದರಲ್ಲ, ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ. ಅಲ್ಲಿ ಪ್ರೂಡೆನ್ಸ್ ಫ್ಯಾರೋ ಅನ್ನುವ ಅಮೆರಿಕದ ಹುಡುಗಿಯೂ ಇದ್ದಳು, ನಟಿ ಮಿಯಾ ಫ್ಯಾರೋಳ ತಂಗಿ. ಬೀಟಲ್ಸ್‌ನವರಿಗೆ ಧ್ಯಾನ ಮುಗಿಸಿ ಸಂಜೆ ಹಾಡು ಹರಟೆ ಬೇಕು. ಇವಳಿಗೆ ಅದೆಲ್ಲ ಬೇಡ. ಕೋಣೆಯ ಬಾಗಿಲು ಹಾಕಿಕೊಂಡು ಹಗಲು ರಾತ್ರಿ ಧ್ಯಾನ. ಏನಾದರೂ ಆದೀತು ಅಂತ ಎಲ್ಲರಿಗೂ ಚಿಂತೆ. ಹೊರಗೆ ಕರೆದು ತನ್ನಿ ಅಂತ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಇಬ್ಬರನ್ನೂ ಕಳಿಸಿದರು. ಲೆನನ್ ಅದನ್ನೇ ಹಾಡು ಮಾಡಿದ, 'ಡಿಯರ್ ಪ್ರೂಡೆನ್ಸ್'. ಹೊರಗೆ ಬಾ, ಆಟ ಆಡೋಣ ಅನ್ನುವ ಅರ್ಥದ್ದು. ಪುಟ್ಟ, ಅದರಲ್ಲಿ ಬೆರಳಿನಲ್ಲಿ ಮೀಟುವ ರೀತಿಯನ್ನು ಲೆನನ್ ಕಲಿತದ್ದೂ ಆ ಆಶ್ರಮದಲ್ಲೇ, ಡೊನೊವನ್ ಅನ್ನುವ ಗಾಯಕನಿಂದ. ರೆಕಾರ್ಡಿಂಗ್ ಹೊತ್ತಿಗೆ ಬೀಟಲ್ಸ್‌ನ ಡ್ರಮ್ಸ್ ನುಡಿಸುವ ರಿಂಗೊ ಸಿಟ್ಟು ಮಾಡಿಕೊಂಡು ಬ್ಯಾಂಡು ಬಿಟ್ಟು ಹೋಗಿದ್ದ, ಹಾಗಾಗಿ ಡ್ರಮ್ಸ್ ನುಡಿಸಿದ್ದು ಪಾಲ್ ಮಕಾರ್ಟ್ನಿ.

ಜನ ಆ ಹುಡುಗಿಗೆ ತಲೆ ಸರಿ ಇಲ್ಲ ಅನ್ನುವ ಥರ ಮಾತಾಡಿದರು. ಅವಳು ಧ್ಯಾನ ಬಿಡಲಿಲ್ಲ. ಮುಂದೆ ಅದನ್ನೇ ಕಲಿಸಿದಳು. ಎಷ್ಟೋ ವರ್ಷದ ಮೇಲೆ ಸಂಸ್ಕೃತ ಓದಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದಳು. ವಿಷಯ ಏನು ಗೊತ್ತಾ ಅತ್ತಿಗೆ? ಆಯುರ್ವೇದದ ನಾಡಿ ಪರೀಕ್ಷೆ. ಹಳೆಯ ಸಂಸ್ಕೃತ ಗ್ರಂಥಗಳನ್ನು ಅನುವಾದ ಮಾಡಿದ್ದಾಳೆ. ನೀವು ತಿಂಗಳಿಗೊಮ್ಮೆ ನಾಡಿ ತೋರಿಸಲು ಹೋಗುತ್ತೀರಲ್ಲ, ಆ ಪಂಡಿತರಿಗೆ ಈ ವಿಷಯ ಹೇಳಿ. ಅವರು ಏನಂದರು ಅಂತ ಗ್ರೂಪಿನಲ್ಲಿ ಹಾಕಿ.