ಪದಚರ್ಚೆ: ‘ಅಟ್ರಿಬ್ಯೂಟೆಡ್ ಟು’ ಎನ್ನಲು ಕನ್ನಡದಲ್ಲಿ ಏನು? (ತುರ್ತು)

ಬಳಗದವರಿಗೆ ನಮಸ್ಕಾರ.

ಶುಕ್ರವಾರದೊಳಗೆ ಫಲಕಗಳು ಅಚ್ಚಿಗೆ ಹೋಗಬೇಕು. ಮೈಸೂರಿನಲ್ಲಿ ಒಂದು ಖಾಸಗಿ ಸಂಗ್ರಹದ ಚಿತ್ರಪ್ರದರ್ಶನ. ಅದರಲ್ಲೊಂದು ತೈಲಚಿತ್ರ, ವೀಣೆ ಹಿಡಿದು ಕೂತ ಹೆಂಗಸಿನದು. ಮೂಲೆಯಲ್ಲಿ ‘ರವಿವರ್ಮ’ ಎಂಬ ರುಜು ಇದೆ. ಮನೆಯವರ ಪ್ರಕಾರ ಅದು ರಾಜಾ ರವಿವರ್ಮನದೇ. ಪರೀಕ್ಷಿಸಿದವರು ಅಷ್ಟು ದೂರ ಹೋಗಲು ಒಪ್ಪಿಲ್ಲ. ಸೆರಗಿನ ಅಂಚಿನಲ್ಲಿ ಟೈಟಾನಿಯಂ ಬಿಳಿ ಸಿಕ್ಕಿದೆ. ಅದು ಚಿತ್ರಕಾರರ ಕೈಗೆ ಬಂದದ್ದು 1920ರ ದಶಕದಲ್ಲಿ, ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆದರೆ ಆ ಬಿಳಿ ವಾರ್ನಿಷ್‌ನ ಮೇಲಷ್ಟೇ ಇದೆ, ಹಾಗಾಗಿ ಆಮೇಲೆ ಯಾರೋ ತೇಪೆ ಹಾಕಿದ್ದೂ ಇರಬಹುದು. ಇಷ್ಟೆಲ್ಲ ಆಗಿ ಇಂಗ್ಲಿಷ್ ಫಲಕದಲ್ಲಿ ‘ಅಟ್ರಿಬ್ಯೂಟೆಡ್ ಟು ರಾಜಾ ರವಿವರ್ಮ’ ಎಂದಿದೆ, ಅಂದರೆ ಅವನದಿರಬೇಕೆಂದು ಪರೀಕ್ಷಿಸಿದವರ ಅಂದಾಜು, ಖಚಿತವಲ್ಲ. ಅದರ ಕೆಳಗೆ ‘ಪ್ರೊವೆನೆನ್ಸ್’ ಎಂದು ಒಂದು ಸಾಲು, ಚಿತ್ರ ಯಾರ ಯಾರ ಕೈ ದಾಟಿ ಬಂತು ಎಂದು ಹೇಳುವುದಕ್ಕೆ. ಪಕ್ಕದ ಚಿತ್ರಕ್ಕೆ ‘ಆಫ್ಟರ್ ರಾಜಾ ರವಿವರ್ಮ’, ಅಂದರೆ ಅವನ ಚಿತ್ರ ನೋಡಿ ಬೇರೆಯವರು ಮಾಡಿದ್ದು.

ಅನುವಾದ ಏಜೆನ್ಸಿ ಕಳಿಸಿದ ಕನ್ನಡ ಹೀಗಿದೆ: ‘ರಾಜಾ ರವಿವರ್ಮರಿಗೆ ಆರೋಪಿಸಲಾಗಿದೆ’, ‘ಮೂಲಸ್ಥಾನ’, ‘ರಾಜಾ ರವಿವರ್ಮರ ನಂತರ’. ಓದಿ ತಲೆ ತಿರುಗಿತು. ಮೂರಕ್ಕೂ ಪದ ಬೇಕು. ಒಂದು ಸಾಲಿನಲ್ಲಿ ನಾಲ್ಕೈದು ಪದಕ್ಕಿಂತ ಹೆಚ್ಚಿಗೆ ಹಿಡಿಸುವುದಿಲ್ಲ.

— ವಿ.ಕೆ., ಮೈಸೂರು

‘ಆರೋಪ’ದಲ್ಲಿ ತಪ್ಪೇನಿದೆ? ಆ ಉಪಸರ್ಗ, ರುಹ್ ಧಾತು, ಏರಿಸುವುದು ಎಂದರ್ಥ. ಉಪಮೇಯದ ಮೇಲೆ ಉಪಮಾನದ ಆರೋಪ ಮಾಡಿದರೆ ರೂಪಕ ಎಂದು ಎಲ್ಲರೂ ಶಾಲೆಯಲ್ಲಿ ಓದಿದವರೇ. ಪೊಲೀಸ್ ಠಾಣೆಯ ಅರ್ಥ ಈಚೆಗೆ ಅಂಟಿಕೊಂಡದ್ದು. ಓದುಗರ ಅಜ್ಞಾನಕ್ಕೆ ಪದವನ್ನು ಬಲಿಕೊಡಬೇಕಾಗಿಲ್ಲ. ‘ರವಿವರ್ಮಾರೋಪಿತ’ ಎಂದು ಸಮಾಸ ಮಾಡಿ. ಜಾಗವೂ ಉಳಿಯುತ್ತದೆ.

— ಎಚ್.ಎಸ್.

ರಾಯರ, ‘ರವಿವರ್ಮಾರೋಪಿತ’ ಅಂತ ಬೋರ್ಡ್ ಹಾಕಿದ್ರ ಬಂದ ಮಂದಿ ಜಾಮೀನು ಸಿಕ್ತೇನ್ರಿ ಅಂತ ಕೇಳ್ತಾರ.

‘ಆಫ್ಟರ್’ಗೆ ‘ನಕಲು’ ಸಾಕು. ನಕಲು ಬ್ಯಾರೆ, ನಕಲಿ ಬ್ಯಾರೆ. ತಹಶೀಲ್ದಾರ್ ಕಚೇರಿಯೊಳಗ ಉತಾರದ ನಕಲು ತಗೊಂಡಾವ ಖೋಟಾ ಕಾಗದ ತಗೊಂಡೆ ಅನ್ನೂದಿಲ್ಲ. ನಕಲು ಅಂದ್ರ ನೋಡಿ ತೆಗೆದದ್ದು, ನಕಲಿ ಅಂದ್ರ ಮೋಸಕ್ಕ ತೆಗೆದದ್ದು. ಕಡೀ ಸ್ವರ ಒಂದು ಬದಲಾದ್ರ ಮನಷ್ಯಾ ಜೇಲಿಗೆ ಹೋಗ್ತಾನ. ಇಷ್ಟು ಸಣ್ಣ ಫರಕು ತೋರಸೋ ಶಬ್ದ ಕೈಯಾಗಿದ್ದಾಗ ಹೊಸಾದು ಯಾಕ ಹುಡುಕಬೇಕು?

— ಬಿ.ಪಿ., ಧಾರವಾಡ

ನಕಲು ಅರಬ್ಬಿ, ಕೋಟಾ ಮರಾಟಿ, ಆರೋಪ ಸಂಸ್ಕ್ರುತ. ಕನ್ನಡದ ಪದ ಕೇಳಿದವರಿಗೆ ಇಲ್ಲಿಯವರೆಗೆ ಸಿಕ್ಕಿದ್ದು ಇಶ್ಟು.

ಹೆಸರುಪದವೇ ಬೇಕೆಂದು ಯಾಕೆ ಹಟ? ‘ಬಿಡಿಸಿದ್ದು’ ಎಂದರೆ ನನಗೆ ಗೊತ್ತಿದೆ. ‘ಬಿಡಿಸಿದ್ದಂತೆ’ ಎಂದರೆ ಯಾರೋ ಹೇಳಿದರು. ‘ಬಿಡಿಸಿದ್ದಿರಬೇಕು’ ಎಂದರೆ ಕುರುಹು ನೋಡಿ ಹೇಳುತ್ತಿದ್ದೇನೆ. ‘ಬಿಡಿಸಿದ್ದಿರಬಹುದು’ ಎಂದರೆ ಅಲ್ಲ ಎನ್ನಲಾರೆ. ಹರಾಜಿನ ಕಂಪನಿಗಳು ಪಟ್ಟಿಯಲ್ಲಿ ಹಾಳೆ ತುಂಬ ಬಿಡಿಸಿ ಹೇಳುವ ಮೆಟ್ಟಿಲುಗಳು ನಮ್ಮ ಎಸಕಪದದ (ನೀವು ಕ್ರಿಯಾಪದ ಎನ್ನುವುದರ) ಕೊನೆಯಲ್ಲೇ ಇವೆ. ‘ರವಿವರ್ಮ ಬಿಡಿಸಿದ್ದಿರಬೇಕು’ ಎಂದು ಹಾಕಿ. ಪ್ರೊವೆನೆನ್ಸ್‌ಗೆ ‘ಕಯ್ದಾಟು’. ಚಿತ್ರ ಎನ್ನುವ ಕಡೆಯಲ್ಲೆಲ್ಲ ‘ತಿಟ್ಟ’. ಅಸಲಿಯೋ ಅಲ್ಲವೋ ನೋಡುವುದಕ್ಕೆ ‘ಒರೆಹಚ್ಚುವಿಕೆ’.

— ಕೆ.ಎನ್.

‘ಕೋಟಾ’ ಅಂದ್ರ ಸೀಟಿಂದೋ, ಕಾರಂತಜ್ಜನ ಊರೋ? ಹೊಟ್ಟಿ ಸೀಳಿದ ಮಹಾಪ್ರಾಣ ಅಕ್ಷರ ಬಿಟ್ರ ಹಿಂಗ ಆಗ್ತದ. ಮತ್ತ ಅರಬ್ಬಿ ಬ್ಯಾಡ ಅಂದಾವರು ‘ಅಸಲಿ’ ಅಂತ ಬರದೀರಿ, ನೋಡ್ಕೋರಿ. ಆದ್ರ ‘ಇರಬೇಕು’ ಖರೇನ ಛಲೋ ಅದ.

— ಬಿ.ಪಿ.

‘ತಿಟ್ಟ’ವನ್ನು ನಾನು ಚರ್ಚಿಸುವುದಿಲ್ಲ.

‘ಒರೆ’ಯ ವಿಷಯ. ಹಳಗನ್ನಡದಲ್ಲಿ ಚಿನ್ನ ತಿಕ್ಕುವ ‘ಒರೆ’ಗೆ ಸಾಮಾನ್ಯ ರೇಫ (ರ), ಕತ್ತಿಯ ‘ಒಱೆ’ಗೆ ಶಕಟರೇಫ (ಱ). ಹೇಳು ಎಂಬರ್ಥದ ‘ಒರೆ’ಗೂ ಸಾಮಾನ್ಯ ರೇಫವೇ. ತಮಿಳಿನಲ್ಲಿ ಈ ಭೇದ ಇಂದಿಗೂ ಬರವಣಿಗೆಯಲ್ಲಿ ಉಳಿದಿದೆ. ಇದ್ದ ಅಕ್ಷರ ಕಳೆದುಕೊಂಡದ್ದರಿಂದಲೇ ಮೂರೂ ಒಂದಾಗಿ ಕೂತಿವೆ. ಇನ್ನಷ್ಟು ಅಕ್ಷರ ಕಳೆಯಹೊರಟವರು ಇದನ್ನು ಗಮನಿಸಬೇಕು.

— ಎಚ್.ಎಸ್.

‘ರವಿವರ್ಮ ಕೃತವೆಂದು ಪ್ರತೀತಿ.’ ಮೂರೇ ಪದ. ಮುಗಿಯಿತಲ್ಲ.

— ಎಲ್., ಶಿವಮೊಗ್ಗ

ಮುಗಿಯಲಿಲ್ಲ. ಪ್ರತೀತಿ ಜನರದು. ಇಲ್ಲಿ ಮಾತು ಪರೀಕ್ಷಿಸಿದವರದು. ಈ ಎರಡನ್ನು ಬೆರೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಜಗನ್ಮೋಹನ ಅರಮನೆಗೇ ಹೋಗಿ ನೋಡಿ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಯಾಗಿ ಹಿಡಿದು ನಿಂತ ಹೆಣ್ಣಿನ ಚಿತ್ರ. ಅದನ್ನು ಬರೆದದ್ದು ಎಸ್.ಎಲ್. ಹಳದಣಕರ್, ಅದೂ ಜಲವರ್ಣದಲ್ಲಿ, ರವಿವರ್ಮ ತೀರಿಹೋಗಿ ದಶಕಗಳಾದ ಮೇಲೆ. ಆದರೂ ಅದನ್ನು ರವಿವರ್ಮನದೆಂದೇ ಹೇಳುವವರು ಈಗಲೂ ಬೇಕಾದಷ್ಟು ಮಂದಿ. ಅಂಥದ್ದಕ್ಕೆ ‘ಪ್ರತೀತಿ’ ಸರಿ, ಮತ್ತು ಅಲ್ಲಿ ಪ್ರತೀತಿ ಸುಳ್ಳು.

‘ಆಫ್ಟರ್’ಗೆ ‘ನಕಲು’ ಹಾಕುವ ಮುಂಚೆ ವಿ.ಕೆ. ಒಂದು ವಿಚಾರಿಸಿ: ಪಕ್ಕದ ಚಿತ್ರ ಕೈಯಲ್ಲಿ ಬರೆದದ್ದೋ, ಅಚ್ಚಿನದೋ? 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಶುರುವಾಯಿತು. ಅಲ್ಲಿಯ ಕಲ್ಲಚ್ಚಿನ ಚಿತ್ರಗಳಿಗೆ ವಾರ್ನಿಷ್ ಬಳಿದರೆ ದೂರದಿಂದ ತೈಲಚಿತ್ರವೇ. ಭೂತಗನ್ನಡಿ ಹಿಡಿದರೆ ಬಣ್ಣದ ಚುಕ್ಕಿಗಳು ಕಾಣುತ್ತವೆ. ಹಾಗಿದ್ದರೆ ಅದು ನಕಲೂ ಅಲ್ಲ, ನಕಲಿಯೂ ಅಲ್ಲ. ‘ಅಚ್ಚುಪ್ರತಿ’ ಎನ್ನಬೇಕು.

ಇನ್ನು ‘ಬರೆದದ್ದು’ ಎನ್ನುವಲ್ಲೇ ತೊಡಕಿದೆ. ರವಿವರ್ಮನ ಜೊತೆ ತಮ್ಮ ಸಿ. ರಾಜರಾಜವರ್ಮ ವರ್ಷಗಟ್ಟಲೆ ಕುಂಚ ಹಿಡಿದಿದ್ದಾನೆ. ರುಜು ಅಣ್ಣನದು, ಹಿನ್ನೆಲೆಯ ಗಿಡಮರ ತಮ್ಮನದು ಎಂದಾದರೆ ಆ ಚಿತ್ರ ಯಾರದು? ಹಳಗನ್ನಡದವರಿಗೆ ಈ ಕಷ್ಟ ಹೊಸದಲ್ಲ. ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂಬ ಜಗಳದಲ್ಲಿ ಕೊನೆಗೂ ಕೈಗೆ ಸಿಕ್ಕಿದ್ದು ‘ನೃಪತುಂಗದೇವಾನುಮತ’ ಎಂಬ ಮಾತು. ಬರೆದವನು ಬೇರೆ, ಒಪ್ಪಿ ಮುದ್ರೆ ಒತ್ತಿದವನು ಬೇರೆ ಎನ್ನಲು ಅದಕ್ಕಿಂತ ಚೊಕ್ಕ ಮಾತು ಬೇಕೆ? ಲಿಯೊನಾರ್ಡೊನ ಹೆಸರಿನ ‘ಸಾಲ್ವತೋರ್ ಮುಂಡಿ’ ನೆನೆಯಿರಿ. 1958ರಲ್ಲಿ ಶಿಷ್ಯನ ಕೆಲಸವೆಂದು 45 ಪೌಂಡಿಗೆ ಹೋದದ್ದು 2017ರಲ್ಲಿ ಗುರುವಿನದೆಂದು 45 ಕೋಟಿ ಡಾಲರಿಗೆ ಹೋಯಿತು. 2021ರಲ್ಲಿ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯ ತನ್ನ ಕ್ಯಾಟಲಾಗಿನಲ್ಲಿ ಅದನ್ನು ಲಿಯೊನಾರ್ಡೊನ ಸ್ವಂತ ಕೃತಿಗಳ ಸಾಲಿಗೆ ಸೇರಿಸಲಿಲ್ಲ. ಅವನದೆಂದು ಊಹಿಸಿದ, ಅವನ ಕಾರ್ಯಾಗಾರದ, ಅವನ ಒಪ್ಪಿಗೆಯಿಂದ ಅವನ ಕಣ್ಣೆದುರು ಆದ ಕೃತಿಗಳ ಗುಂಪಿಗೆ ಹಾಕಿತು. ಆ ಗುಂಪಿನ ಕೊನೆಯ ಭಾಗಕ್ಕೆ ನಮ್ಮಲ್ಲಿ ಒಂಬತ್ತನೇ ಶತಮಾನದಿಂದ ‘ಅನುಮತ’ ಇದೆ. ಕೆ.ಎನ್. ಅವರು ಸಂಸ್ಕೃತ ಎನ್ನುತ್ತಾರೆ. ಎನ್ನಲಿ.

ಒಂದು ಎಚ್ಚರ. ರವಿವರ್ಮನ ಕೃತಿಗಳು 1979ರಿಂದ ಕಲಾನಿಧಿಗಳು, ದೇಶದ ಹೊರಗೆ ಒಯ್ಯುವಂತಿಲ್ಲ. ಫಲಕದ ಒಂದು ಕ್ರಿಯಾಪದದ ಮೇಲೆ ಹಣವೂ ನಿಂತಿದೆ, ಕಾನೂನೂ ನಿಂತಿದೆ. ಮನೆಯವರಿಗೆ ಹಿತವಾಗುವ ಪದ ಹುಡುಕಬೇಡಿ.

— ಎಂ.ಎಸ್., ಬೆಂಗಳೂರು

ಎಂ.ಎಸ್. ಅಕ್ಕ, ತುಂಬಾ ಉಪಕಾರವಾಯಿತು. ಪಕ್ಕದ್ದು ಕೈಯಲ್ಲೇ ಬರೆದದ್ದು. ‘ರವಿವರ್ಮನ ಚಿತ್ರದ ನಕಲು’ ಎಂದು ಹಾಕುತ್ತೇನೆ.

ಮೊದಲನೆಯದಕ್ಕೆ ‘ರವಿವರ್ಮ ಬರೆದದ್ದಿರಬೇಕು’ ಎಂದು ಕಳಿಸಿದೆ. ಆಯೋಜಕರು, ಫಲಕವೇ ಅನುಮಾನ ಪಡುವಂತಿದೆ ಎಂದು ವಾಪಸ್ ಮಾಡಿದರು. ಅನುಮಾನ ಇರುವುದು ನಿಜ ತಾನೆ ಎಂದರೆ ಉತ್ತರವಿಲ್ಲ. ‘ಪರೀಕ್ಷಕರ ಊಹೆ: ರಾಜಾ ರವಿವರ್ಮ’ ಎಂದರೆ ಒಪ್ಪಿಯಾರು.

ಪ್ರೊವೆನೆನ್ಸ್ ಇನ್ನೂ ಬಾಕಿ. ‘ಕಯ್ದಾಟು’ ಅಚ್ಚಿನವರಿಗೆ ಫೋನಿನಲ್ಲಿ ಹೇಳಿದೆ, ‘ಕಾದಾಟ’ವೇ ಎಂದು ಕೇಳಿದರು. ‘ಹಿಂದಿನ ಒಡೆಯರು’ ಹೇಗೆ?

— ವಿ.ಕೆ.

ಮೈಸೂರಿನಲ್ಲೇ? ‘ಹಿಂದಿನ ಒಡೆಯರು’ ಎಂದು ಓದಿದವರು ಚಿತ್ರ ಅರಮನೆಯಿಂದ ಬಂದದ್ದೇ ಎಂದುಕೊಳ್ಳುತ್ತಾರೆ. ಪುಕ್ಕಟೆ ಅರಮನೆ ಸಂಬಂಧ ಕಟ್ಟಿಕೊಟ್ಟ ಹಾಗಾಗುತ್ತದೆ. ‘ಹಿಂದಿನ ಮಾಲೀಕರು’ ಎನ್ನಿ.

— ಎಂ.ಎಸ್.

ಮಾಲೀಕ ಅರಬ್ಬಿ. ಒಡೆಯ ಎಂಬ ಚೆಂದದ ಪದವನ್ನು ಒಂದು ಮನೆತನಕ್ಕೆ ಬರೆದುಕೊಟ್ಟು ಹೊರಗಿನಿಂದ ಸಾಲ ತರುವುದು ಯಾವ ನ್ಯಾಯ? ‘ಮುಂಚೆ ಯಾರಲ್ಲಿತ್ತು’ ಎಂದು ಹಾಕಿ. ಎರಡೇ ಪದ.

— ಕೆ.ಎನ್.

‘ನ್ಯಾಯ’ ಸಂಸ್ಕೃತ.

— ಎಚ್.ಎಸ್.

‘ಮುಂಚೆ ಯಾರಲ್ಲಿತ್ತು’ ಆಯೋಜಕರಿಗೂ ಹಿಡಿಸಿತು, ಅದನ್ನೇ ಕಳಿಸಿದೆ. ಅದರ ಮುಂದೆ ಬರೆಯಲು ಮನೆಯವರು 1931ಕ್ಕಿಂತ ಹಿಂದಿನ ಒಂದು ಚೀಟಿಯನ್ನೂ ಕೊಟ್ಟಿಲ್ಲ. ಆ ಭಾಗಕ್ಕೆ ‘ದಾಖಲೆ ಇಲ್ಲ’ ಎಂದು ಹಾಕಿಸುತ್ತಿದ್ದೇನೆ. ದಾಖಲೆ ಯಾವ ಭಾಷೆಯದೆಂದು ದಯವಿಟ್ಟು ಶುಕ್ರವಾರ ಕಳೆದ ಮೇಲೆ ಹೇಳಿ.

— ವಿ.ಕೆ.